ಘರ್ಷಣೆ: ಸೊನ್ನೆ

ಬಾಣಾವರದ ಸರ್ಕಾರಿ ಹೈಸ್ಕೂಲಿನಲ್ಲಿ
ಕಂಪ್ಯೂಟರು ಒಂಬತ್ತು, ಏಳುವುದು ನಾಲ್ಕು.
ನಾಲ್ಕರಲ್ಲೊಂದಕ್ಕೆ ‘ಲ’ ಒತ್ತಿದರೆ ಮೂಡುವುದಿಲ್ಲ,
ಲೋಲಕ ಮಾತ್ರ ಅದರಲ್ಲೇ ಚೆನ್ನಾಗಿ ತೂಗುತ್ತದೆ.

ಗೋಡೆಯೇ ಪರದೆ. ಕಿಟಕಿಗೆ ಹುಡುಗಿಯರ ದುಪಟ್ಟಾ ಕಟ್ಟಿ
ಕತ್ತಲು ಮಾಡಿದ್ದೇವೆ. ಸುಣ್ಣ ಎದ್ದ ಕಲೆಯೊಂದನ್ನು ದಾಟಿ
ಗುಂಡು ಆ ಕಡೆ ಹೋಗುತ್ತದೆ, ಈ ಕಡೆ ಬರುತ್ತದೆ.

ಹೋದ ವರ್ಷದವರೆಗೆ ದಾರವಿತ್ತು, ಕಿಟಕಿಯ ಸರಳಿತ್ತು.
ಬೀಗವೊಂದನ್ನು ಇಳಿಬಿಟ್ಟು ಇಪ್ಪತ್ತು ಎಣಿಸಿರೆಂದರೆ
ಒಬ್ಬ ಹತ್ತೊಂಬತ್ತಕ್ಕೆ ನಿಲ್ಲುವ,
ಇನ್ನೊಬ್ಬಳು ಇಪ್ಪತ್ತೆರಡಾದರೂ ಬಿಡಳು,
ನಡುವೆ ಅರಸೀಕೆರೆ ಕಡೆಯ ಗೂಡ್ಸು ಬಂದರೆ
ಕಿಟಕಿಯೇ ಅದುರಿ ಎಲ್ಲರ ಲೆಕ್ಕವೂ ಮಣ್ಣು.
ಆದರೂ ರೆಕಾರ್ಡು ಪುಸ್ತಕದಲ್ಲಿ ಎಲ್ಲರ ಉತ್ತರ
ಒಂಬತ್ತು ಬಿಂದು ಎಂಟು.
ನೋಡಿಯೂ ನೋಡದಂತೆ ಸಹಿ ಹಾಕುತ್ತಿದ್ದೆ.
ನಾನು ಓದುವಾಗಲೂ ಅಷ್ಟೇ ಬರೆದಿದ್ದೆ.

ಈಗ ಕಾಂತೇಶ ಮೌಸು ಹಿಡಿದು
ಭೂಮಿಯಿಂದ ಗುರುಗ್ರಹಕ್ಕೆ ಹಾರುತ್ತಾನೆ:
ಗುಂಡಿಗೆ ದೆವ್ವ ಹಿಡಿಯುತ್ತದೆ.
ಚಂದ್ರನಿಗೆ ಬಂದರೆ
ಮೆಲುಕು ಹಾಕುವ ಎಮ್ಮೆ ಕತ್ತು ತಿರುಗಿಸಿದಷ್ಟು ನಿಧಾನ.
‘ಭಾರ ಹೆಚ್ಚಿಸಿದ್ರೆ ಜೋರಾಗ್ತದೆ’ ಎಂದು
ಎರಡು ಕಡ್ಲೆಮಿಠಾಯಿ ಪಣ ಕಟ್ಟಿ ಸೋತ;
ಸೋತದ್ದನ್ನು ನಂಬದೆ ಹನ್ನೊಂದು ಸಲ ಮಾಡಿ ನೋಡಿದ.
ಹನ್ನೊಂದು ಸಲ! ಬೀಗದ ಕಾಲದಲ್ಲಿ
ಒಂದು ಸಲಕ್ಕೇ ಬೆಲ್ಲು ಹೊಡೆಯುತ್ತಿತ್ತು.

ಆಮೇಲೆ ಯಾರೋ ಘರ್ಷಣೆಯ ಪಟ್ಟಿಯನ್ನು
ಎಡದ ತುದಿಗೆ ಎಳೆದರು. ಸೊನ್ನೆ.
ತೂಗಿತು.
ಹಾಜರಿ ಮುಗಿಸಿದೆ, ತೂಗುತ್ತಿತ್ತು.
ಬಿಸಿಯೂಟದ ಸಾರಿನ ವಾಸನೆ ಬಂತು, ತೂಗುತ್ತಿತ್ತು,
ಕೂದಲೆಳೆಯಷ್ಟೂ ಕುಗ್ಗದೆ,
ದಣಿವೆಂಬುದನ್ನು ಕೇಳಿಯೇ ಗೊತ್ತಿಲ್ಲದ ಹಾಗೆ.
ಮಕ್ಕಳು ಸುಮ್ಮನಾದರು. ನನಗೂ
ಗಂಟಲು ಒಣಗಿತು, ಚೆಂದಕ್ಕೋ ಭಯಕ್ಕೋ.

ಕೊನೆಯ ಬೆಂಚಿನ ಸಫೂರಾ ಎದ್ದಳು.
ರೈಲ್ವೆ ಗೇಟಿನ ಪಕ್ಕದ ಗುಜರಿ ಅಂಗಡಿ ಅವರದು.
‘ಹಿಂಗಾದ್ರೆ ನಮ್ಮಪ್ಪನ ತಕ್ಕಡಿ ನಿಲ್ಲೋದೇ ಇಲ್ಲ ಮಿಸ್.
ನಿಲ್ಲದೇ ಇದ್ರೆ ತೂಕ ಹೇಳೋದು ಹೆಂಗೆ?’

ಪಾಠದಲ್ಲಿ ಘರ್ಷಣೆ ಎಂದರೆ ಸವೆತ, ಬಿಸಿ, ನಷ್ಟ;
ಕಡಿಮೆ ಮಾಡುವ ಉಪಾಯಗಳು ಮೂರು, ಅಂಕ ಎರಡು.
‘ಒಳ್ಳೇ ಪ್ರಶ್ನೆ’ ಅಂದೆ,
ಉತ್ತರ ಹೊಳೆಯದಾಗ ನಾವು ಅನ್ನುವ ಮಾತು.

ಶನಿವಾರ ಮಧ್ಯಾಹ್ನ ಹಳೆಯ ರೆಕಾರ್ಡುಗಳ ಕಟ್ಟು ಹೊತ್ತು
ಅದೇ ಅಂಗಡಿಗೆ ಹೋದೆ.
ಆರು ವರ್ಷದ ಒಂಬತ್ತು ಬಿಂದು ಎಂಟುಗಳು.
ಸಫೂರಾಳ ಅಪ್ಪ ಕಟ್ಟನ್ನು ತಟ್ಟೆಗಿಟ್ಟು ಕೈ ತೆಗೆದರು.
ಮುಳ್ಳು ಆ ಕಡೆ ವಾಲಿತು, ಈ ಕಡೆ ವಾಲಿತು.
ಅವಸರಕ್ಕೆ ನಾನು ಬೆರಳು ಚಾಚಿದೆ.
‘ಮುಟ್ಬೇಡಿ ಮೇಡಮ್, ಅದೇ ನಿಲ್ತದೆ.’
ಗೇಟು ಬಿದ್ದಿತ್ತು. ಬೈಕುಗಳು ಗುರುಗುಡುತ್ತಿದ್ದವು.
ವಾಲಾಟ ಅರ್ಧವಾಯಿತು, ಅರ್ಧದರ್ಧವಾಯಿತು,
ಆಮೇಲೆ ನಡುಕದಷ್ಟು,
ಆಮೇಲೆ ಇಲ್ಲ.
‘ಹನ್ನೊಂದೂ ಕಾಲು. ಕಿಲೋಗೆ ಹದಿನಾಲ್ಕು.’
ನೂರೈವತ್ತೇಳು ಎಣಿಸಿ ಕೊಟ್ಟರು.
ಮೇಲಿನ ಎಂಟಾಣೆಯನ್ನು ಇಬ್ಬರೂ ಮರೆತೆವು.

ಈ ಸಲದ ರೆಕಾರ್ಡಿನಲ್ಲಿ, ‘ಮುನ್ನೆಚ್ಚರಿಕೆಗಳು’ ಎಂಬಲ್ಲಿ,
ಕಾಂತೇಶ ಬರೆದಿದ್ದಾನೆ: ಮೌಸನ್ನು ಗಟ್ಟಿಯಾಗಿ ಒತ್ತಬಾರದು.
ಅವನನ್ನು ನೋಡಿ ಹದಿಮೂರು ಮಂದಿ ಅದನ್ನೇ.
ಸಫೂರಾಳದು ಒಂದು ಸಾಲು:
ತಾನಾಗಿ ನಿಲ್ಲುವವರೆಗೆ ಕಾಯಬೇಕು, ಬೆರಳು ತಾಗಿಸಬಾರದು.

ಉತ್ತರ ಮಾತ್ರ ಒಂಬತ್ತು ಬಿಂದು ಆರು.
ಕರೆದು ಕೇಳಿದರೆ,
ಅಂಗಡಿಯ ತೊಲೆಗೆ ಬೀಗ ಕಟ್ಟಿ ಎಣಿಸಿದಳಂತೆ,
ರೈಲು ಇಲ್ಲದ ಹೊತ್ತು ನೋಡಿಕೊಂಡು.
ಕೆಂಪು ಪೆನ್ನಿತ್ತು ಕೈಯಲ್ಲಿ.
ತಿದ್ದಲಿಲ್ಲ.